ನಾನು, ಅವನು ‘ಮತ್ತು ಸಂಗಡಿಗರು’

ರೇಡಿಯೋದಲ್ಲಿ ಚಿತ್ರಗೀತೆ ಕೇಳಿ ಬೆಳೆದವರಿಗೆಲ್ಲ ಈ ಮಾತು ಬಾಯಿಪಾಠ: “ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ ಮತ್ತು ಸಂಗಡಿಗರು.”

ಎಸ್ಪಿಬಿ ಯಾರು ಅಂತ ಗೊತ್ತು. ಜಾನಕಿಯಮ್ಮ ಯಾರು ಅಂತಲೂ ಗೊತ್ತು. ಆದರೆ ಈ ‘ಸಂಗಡಿಗರು’ ಯಾರ್ರೀ? ಅವರ ಊರು ಯಾವುದು? ಹೆಂಡತಿ ಮಕ್ಕಳು ಉಂಟೋ ಇಲ್ಲವೋ? ಯಾವ ಪತ್ರಿಕೆಯ ಮುಖಪುಟದಲ್ಲೂ ಅವರ ಫೋಟೋ ಬರಲಿಲ್ಲ. ಯಾವ ಹುಡುಗನೂ ಅವರ ಹೆಸರಿನಲ್ಲಿ ಅಭಿಮಾನಿಗಳ ಸಂಘ ಕಟ್ಟಲಿಲ್ಲ.

ಮಿತ್ರರೇ, ಒಂದು ಗುಟ್ಟು ಹೇಳ್ತೀನಿ. ಆ ಸಂಗಡಿಗರಲ್ಲಿ ಒಬ್ಬನಾಗುವ ಯೋಗ ನನಗೂ ಒಮ್ಮೆ ಬಂದಿತ್ತು. ಬಂದದ್ದು ಬರೀ ಮುಕ್ಕಾಲು ಗಂಟೆಗೆ! ಆ ಮುಕ್ಕಾಲು ಗಂಟೆಯ ಸಿಟ್ಟು ಇಳಿಯಲು ನನಗೆ ಮೂವತ್ತೇಳು ವರ್ಷ ಬೇಕಾಯಿತು. ಇಳಿಸಿದವರು ನಮ್ಮ ಕಡೆಯವರಲ್ಲ. ದೂರದ ಮೇಘಾಲಯದಲ್ಲಿ ಶಿಲ್ಲಾಂಗ್ ಎಂಬ ಗುಡ್ಡದೂರು ಇದೆಯಲ್ಲ, ಅಲ್ಲಿನ ಹುಡುಗ ಹುಡುಗಿಯರು. ಆ ಕಥೆಯೇ ಇದು.

ಪೆಂಡಾಲಿನ ಎಸ್ಪಿಬಿ

ನಮ್ಮೂರು ದಾವಣಗೆರೆ. ಬೆಣ್ಣೆ ದೋಸೆ, ಮಂಡಕ್ಕಿ ಮಿರ್ಚಿ ಬಿಟ್ಟರೆ ಆಗ ನಮಗಿದ್ದ ಚಟ ಎರಡೇ. ಒಂದು ಸಿನಿಮಾ, ಇನ್ನೊಂದು ಆರ್ಕೆಸ್ಟ್ರಾ. 1981ರಲ್ಲಿ ಶಂಕರ್‌ನಾಗ್‌ರ ‘ಗೀತಾ’ ಬಂತು ನೋಡಿ, ಇಳಯರಾಜಾರ ಆ ಹಾಡುಗಳು ನಮ್ಮನ್ನು ಹುಚ್ಚು ಹಿಡಿಸಿಬಿಟ್ಟವು. ಪ್ರತಿ ಗಣಪತಿ ಪೆಂಡಾಲಿನಲ್ಲೂ ಒಬ್ಬೊಬ್ಬ ಎಸ್ಪಿಬಿ ಹುಟ್ಟಿಕೊಂಡ. ನಮ್ಮ ಓಣಿಯ ಎಸ್ಪಿಬಿ ನಾನು!

ಮೈಕು ಕೈಗೆ ಸಿಕ್ಕರೆ ಬಿಡುವ ಜಾತಿಯಲ್ಲ. ಕಿಸೆಯಲ್ಲಿ ಕರ್ಚೀಫು, ಬೆಲ್‌ಬಾಟಮ್ಮು, ಹಾಡಿನ ಮಧ್ಯೆ ಎಸ್ಪಿಬಿ ಥರಾ ಒಂದು ಸಣ್ಣ ನಗು. ಆ ನಗುವಿಗೇ ಮುಂದಿನ ಸಾಲಿನಿಂದ ಸಿಳ್ಳೆ ಬೀಳುತ್ತಿತ್ತು.

ನನ್ನ ಜೊತೆ ಒಬ್ಬ ಗೆಳೆಯ ಇದ್ದ. ಹೆಸರು ಬರೆಯಬೇಡ ಅಂತ ಆಣೆ ಹಾಕಿದ್ದಾನೆ, ಹಾಗಾಗಿ ‘ಅವನು’ ಅಂತಲೇ ಕರೀತೀನಿ. ಒಂದೇ ಓಣಿ, ಒಂದೇ ಬೆಂಚು, ಒಂದೇ ಸೈಕಲ್ಲು. ಹಾರ್ಮೋನಿಯಂ ಬಾರಿಸುತ್ತಿದ್ದ. ದನಿ ಮಾತ್ರ ಬಾವಿಯೊಳಗಿನಿಂದ ಬಂದ ಹಾಗೆ, ಗಡುಸು. ಅವನಿಗೆ ಯಾರೂ ಸೋಲೋ ಕೊಡುತ್ತಿರಲಿಲ್ಲ. ನಾನು ಪಲ್ಲವಿ ಹಾಡಿದರೆ ಅವನು ಹಿಂದೆ ನಿಂತು “ಊಂ... ಊಂ...” ಅಂತ ಹಮ್ಮಿಂಗ್ ಎಳೆಯುತ್ತಿದ್ದ. ನಾನು ಅವನನ್ನು ಛೇಡಿಸುತ್ತಿದ್ದೆ: “ನಿಂದು ಬಿಡಲೇ, ಗುಂಪಿನಲ್ಲಿ ಗೋವಿಂದ!” ಅವನು ನಕ್ಕು ಸುಮ್ಮನಾಗುತ್ತಿದ್ದ.

ಗೋಡೆಗೆ ಬೆನ್ನು

1985. ನಮ್ಮ ಆರ್ಕೆಸ್ಟ್ರಾದ ತಬಲಾದವರಿಗೆ ಮದ್ರಾಸಿನಲ್ಲಿ ಯಾರದೋ ಪರಿಚಯ. “ಕೋರಸ್‌ಗೆ ಗಂಡು ದನಿ ಬೇಕಂತೆ, ಹೋಗಿ ಬರ್ರಿ” ಅಂದರು. ಇಬ್ಬರೂ ಹೊರಟೆವು. ನನ್ನ ತಲೆಯಲ್ಲಿ ಲೆಕ್ಕ ಬೇರೆಯೇ ಇತ್ತು. ಒಂದು ಸಲ ಒಳಗೆ ಕಾಲಿಟ್ಟರೆ ಸಾಕು, ಸಂಗೀತ ನಿರ್ದೇಶಕರು ನನ್ನ ದನಿ ಕೇಳಿ “ಯಾರಪ್ಪಾ ಈ ಹುಡುಗ? ಮುಂದೆ ಬಾ” ಅಂತಾರೆ... ಸಿನಿಮಾದಲ್ಲಿ ಆಗುತ್ತಲ್ಲ, ಹಾಗೆ!

ಯಾವ ಸ್ಟುಡಿಯೋ, ಯಾವ ಚಿತ್ರ ಅಂತ ಬೇಡ. ಒಳಗೆ ಹೋದರೆ ಫ್ರಿಜ್ಜಿನಲ್ಲಿ ಇಟ್ಟ ಹಾಗೆ ತಣ್ಣಗೆ. ಒಂದು ಕಡೆ ಪಿಟೀಲಿನವರ ಸಾಲು, ಒಂದು ಕಡೆ ನಾವು ಆರು ಜನ ಗಂಡಸರು, ಆರು ಜನ ಹೆಂಗಸರು. ಗಂಡಸರಿಗೆಲ್ಲ ಸೇರಿ ಒಂದೇ ಮೈಕು. ಹಾಡುವುದೇನು? ಎರಡು ಸಾಲು ಆಲಾಪ. ಮಾತೂ ಇಲ್ಲ, ಕಥೆಯೂ ಇಲ್ಲ.

ರಿಹರ್ಸಲ್ ಶುರುವಾಯಿತು. ಸಹಾಯಕರು ಕೈ ಎತ್ತಿ ನಿಲ್ಲಿಸಿದರು. “ಯಾವುದೋ ಒಂದು ದನಿ ಹೊರಗೆ ಬರ್ತಿದೆ.” ಎಲ್ಲರ ಮುಖ ನೋಡಿ ನನ್ನ ಕಡೆ ಬೆರಳು ತೋರಿಸಿದರು. “ತಮ್ಮಾ, ಒಂದು ಹೆಜ್ಜೆ ಹಿಂದೆ.” ಹೋದೆ. ಮತ್ತೆ ಹಾಡಿದೆವು, ಮತ್ತೆ ನಿಲ್ಲಿಸಿದರು. “ಇನ್ನೂ ಒಂದು ಹೆಜ್ಜೆ.” ಹೋದೆ. ಮೂರನೇ ಸಲ ಇನ್ನೂ ಎರಡು ಹೆಜ್ಜೆ. ನಾಲ್ಕನೇ ಸಲ ನನ್ನ ಬೆನ್ನು ಗೋಡೆಗೇ ತಾಗಿತು! ಇನ್ನು ಹಿಂದೆ ಹೋಗಲು ಮದ್ರಾಸಿನಲ್ಲಿ ಜಾಗವಿಲ್ಲ. ಅವರು ಸಿಟ್ಟಾಗಲಿಲ್ಲ, ಬೈಯಲೂ ಇಲ್ಲ. “ತಮ್ಮಾ, ನೀನು ಸ್ವಲ್ಪ ಹೊರಗೆ ಕೂತಿರು” ಅಂದರು.

ಬಾಗಿಲು ಮುಚ್ಚಿತು. ಮೇಲೆ ಕೆಂಪು ದೀಪ ಹೊತ್ತಿಕೊಂಡಿತು. ನಾನು ಹೊರಗಿನ ಬೆಂಚಿನ ಮೇಲೆ ಕೂತು ಕಾದೆ. ಯಾರಿಗೆ? ಅವನಿಗೆ. ಅವನೂ ಎದ್ದು ಬರುತ್ತಾನೆ, ‘ನನ್ನ ಗೆಳೆಯನಿಗಿಲ್ಲದ ಜಾಗ ನನಗೂ ಬೇಡ’ ಅನ್ನುತ್ತಾನೆ ಅಂತ. ಎಷ್ಟೆಷ್ಟು ಸಿನಿಮಾ ನೋಡಿದ್ದೆವು ಇಬ್ಬರೂ ಸೇರಿ! ಅವನು ಬರಲಿಲ್ಲ. ಬಾಗಿಲ ಸಂದಿಯಲ್ಲಿ ಆ “ಊಂ...” ಮಾತ್ರ ಸಣ್ಣಗೆ ಕೇಳಿಸುತ್ತಿತ್ತು.

ಟೇಕ್ ಮುಗಿದ ಮೇಲೆ ಗೇಟಿನ ತನಕ ಓಡಿ ಬಂದ. “ಲೇ, ನಿಂದ್ರಲೇ, ಮಾತು ಕೇಳು...”

“ಹೋಗಲೇ, ಗುಂಪಿನಲ್ಲಿ ಗೋವಿಂದ ಅನ್ನು ಹೋಗು” ಅಂದವನೇ ಸೆಂಟ್ರಲ್ ಸ್ಟೇಷನ್ ಹಾದಿ ಹಿಡಿದೆ. ಅವನು ಮದ್ರಾಸಿನಲ್ಲೇ ಉಳಿದ. ನಾನು ಹಾಡುವುದನ್ನೇ ಬಿಟ್ಟೆ. 1988ರಲ್ಲಿ ಕೆಎಸ್ಸಾರ್ಟಿಸಿಯಲ್ಲಿ ಕಂಡಕ್ಟರ್ ಕೆಲಸ ಸಿಕ್ಕಿತು. ‘ಬೆಂಗಳೂರಿನಲ್ಲಿ ಕಂಡಕ್ಟರ್ ಆಗಿದ್ದ ಶಿವಾಜಿರಾವ್ ರಜನಿಕಾಂತ್ ಆದ, ರಜನಿಕಾಂತ್ ಆಗಬೇಕಾಗಿದ್ದ ನಾನು ಕಂಡಕ್ಟರ್ ಆದೆ’ ಅಂತ ನನ್ನನ್ನು ನಾನೇ ನಗಿಸಿಕೊಂಡೆ. ನಗು ಬಾಯಲ್ಲಿತ್ತು, ಮುಳ್ಳು ಒಳಗಿತ್ತು.

ಹೊನ್ನಾಳಿಯ ಖಾನಾವಳಿ

ಇಪ್ಪತ್ತೈದು ವರ್ಷ ಕಳೆಯಿತು. 2010. ಹೊನ್ನಾಳಿಯಲ್ಲಿ ನೈಟ್ ಹಾಲ್ಟ್. ಬಸ್ ಸ್ಟ್ಯಾಂಡ್ ಹತ್ತಿರದ ಖಾನಾವಳಿಯಲ್ಲಿ ಡ್ರೈವರಣ್ಣ, ನಾನು ಊಟಕ್ಕೆ ಕೂತಿದ್ದೆವು. ಮೂಲೆಯಲ್ಲಿ ಟೀವಿ. ಯಾವುದೋ ಹಿಂದಿ ಚಾನೆಲ್ಲು, ‘ಇಂಡಿಯಾಸ್ ಗಾಟ್ ಟ್ಯಾಲೆಂಟ್’ ಅಂತ ಪ್ರೋಗ್ರಾಂ. ಬೆಂಕಿ ನುಂಗುವವರು, ಕಂಬ ಹತ್ತುವವರು ಎಲ್ಲ ಬಂದು ಹೋದರು. ಆಮೇಲೆ ಒಂದು ಗುಂಪು ಬಂದು ನಿಂತಿತು. ಇಪ್ಪತ್ತು ಜನರ ಆಸುಪಾಸು, ಹುಡುಗರು, ಹುಡುಗಿಯರು. ಒಂದು ಪಕ್ಕದಲ್ಲಿ ಪಿಯಾನೋ, ಅದರ ಮುಂದೆ ಒಬ್ಬ ದಪ್ಪನೆಯ ಗಂಭೀರ ಮನುಷ್ಯ.

ಹಾಡು ಶುರುವಾಯಿತು. ಹಳೇ ಹಿಂದಿ ಸಿನಿಮಾ ಹಾಡು. ಆದರೆ ಇದೇನಿದು! ಮೇಲೆ ಹುಡುಗಿಯರ ದನಿ ನೂಲಿನಂತೆ ಎಳೆಯುತ್ತಿದೆ. ಅದರ ಕೆಳಗೆ ಇನ್ನೊಂದು ಸಾಲು, ಅದಕ್ಕೂ ಕೆಳಗೆ ಮತ್ತೊಂದು, ಎಲ್ಲಕ್ಕಿಂತ ಬುಡದಲ್ಲಿ ಗಡುಸಾದ ಒಂದು “ಊಂ...” ಆ ಊಂಕಾರ ಕೇಳಿದ್ದೇ ನನ್ನ ಕೈತುತ್ತು ಕೈಯಲ್ಲೇ ನಿಂತಿತು. ಬಾಗಿಲ ಸಂದಿಯ ಅದೇ ದನಿ! ನಡುವೆ ಒಬ್ಬಳು ಮುಂದೆ ಬಂದು ಎರಡು ಸಾಲು ಹಾಡಿ, ಮತ್ತೆ ಗುಂಪಿನೊಳಗೆ ಸೇರಿಕೊಂಡಳು.

ಡ್ರೈವರಣ್ಣ ಕೇಳಿದ: “ಇದ್ರಾಗೆ ಮೇನ್ ಸಿಂಗರ್ ಯಾರ್ರೀ?”

ನಾನು ಹುಡುಕಿದೆ. ಮೇನ್ ಸಿಂಗರ್ ಇರಲಿಲ್ಲ. ಅಲ್ಲಿದ್ದವರೆಲ್ಲ ಬರೀ ‘ಮತ್ತು ಸಂಗಡಿಗರು’! ಹಾಡು ಮುಗಿದಾಗ ಇಡೀ ಸಭೆ ಎದ್ದು ಚಪ್ಪಾಳೆ ತಟ್ಟುತ್ತಿತ್ತು. ಖಾನಾವಳಿ ಮಾಲೀಕ ಚಾನೆಲ್ ಬದಲಾಯಿಸಲು ರಿಮೋಟ್ ಎತ್ತಿದ. “ಇರ್ಲಿ ಬಿಡ್ರೀ ಯಜಮಾನ್ರೇ” ಅಂತ ನಾನು ಕೂಗಿದ್ದು ಬಸ್ ಸ್ಟ್ಯಾಂಡಿಗೆಲ್ಲ ಕೇಳಿಸಿರಬೇಕು. ಕೆಲವು ವಾರಗಳಲ್ಲಿ ಆ ವರ್ಷದ ಬಹುಮಾನವನ್ನು ಗೆದ್ದವರು ಇದೇ ತಂಡ. ಶಿಲ್ಲಾಂಗ್ ಚೇಂಬರ್ ಕ್ವಾಯರ್.

ಕಂಡಕ್ಟರ್ ಅಂದರೆ ಇವರು!

ಆಮೇಲೆ ನಾನು ಸುಮ್ಮನಿರಲಿಲ್ಲ. ಸಿಕ್ಕಿದ್ದನ್ನೆಲ್ಲ ಓದಿದೆ, ಮಗನ ಫೋನಿನಲ್ಲಿ ಹುಡುಕಿಸಿದೆ.

‘ಕ್ವಾಯರ್’ ಅಂದರೆ ಹಾಡುವ ಮೇಳ. ‘ಚೇಂಬರ್’ ಅಂದರೆ ಕೋಣೆ. ದೊಡ್ಡ ಸಭಾಂಗಣ ತುಂಬುವ ನೂರಾರು ಜನರ ಮೇಳವಲ್ಲ, ಒಂದು ಕೋಣೆಯಲ್ಲಿ ಹಿಡಿಸುವಷ್ಟು ಜನರ ಪುಟ್ಟ ಮೇಳ. ನಮ್ಮ ಭಜನೆಯಲ್ಲಿ ಎಲ್ಲರೂ ಒಂದೇ ರಾಗ, ಒಂದೇ ಸಾಲು ಹಿಡೀತಾರೆ. ಇವರದು ಹಾಗಲ್ಲ. ನಾಲ್ಕು ಪಾಲು. ಹೆಣ್ಣು ದನಿಯಲ್ಲಿ ಎತ್ತರದ್ದು ಸೊಪ್ರಾನೋ, ತಗ್ಗಿನದು ಆಲ್ಟೋ. ಗಂಡು ದನಿಯಲ್ಲಿ ಎತ್ತರದ್ದು ಟೆನರ್, ತಳದ್ದು ಬಾಸ್. ಒಬ್ಬ ‘ಸ’ ಹಿಡಿದಾಗ ಇನ್ನೊಬ್ಬ ‘ಗ’, ಮತ್ತೊಬ್ಬ ‘ಪ’. ನಾಲ್ಕೂ ಸಾಲು ಬೇರೆ ಬೇರೆ ದಾರಿಯಲ್ಲಿ ನಡೆದು ಒಟ್ಟಿಗೇ ಊರು ಸೇರಬೇಕು. ಒಬ್ಬ ಕಾಲು ಸ್ವರ ಜಾರಿದರೂ ಇಡೀ ಕಟ್ಟಡ ವಾಲುತ್ತದೆ. ಚಿಕ್ಕ ಮೇಳದಲ್ಲಿ ಅಡಗಿಕೊಳ್ಳಲು ಜಾಗವೂ ಇಲ್ಲ, ಮೆರೆಯಲು ಜಾಗವೂ ಇಲ್ಲ.

ಪಿಯಾನೋ ಮುಂದೆ ಕೂತಿದ್ದ ಆ ಗಂಭೀರ ಮನುಷ್ಯನೇ ನೀಲ್ ನೋಂಗ್‌ಕಿನ್‌ರಿ. 1970ರಲ್ಲಿ ಹುಟ್ಟಿದವರು. ಲಂಡನ್ನಿನ ಟ್ರಿನಿಟಿ ಕಾಲೇಜು, ಗಿಲ್ಡ್‌ಹಾಲ್ ಎಂಬ ದೊಡ್ಡ ಸಂಗೀತ ಶಾಲೆಗಳಲ್ಲಿ ಕಲಿತು, ಪಿಯಾನೋ ಕಛೇರಿ ಕೊಡುತ್ತಿದ್ದವರು. ಅಷ್ಟು ವರ್ಷ ಇಂಗ್ಲೆಂಡಿನಲ್ಲಿದ್ದು ಎಲ್ಲ ಬಿಟ್ಟು ಊರಿಗೆ ಬಂದರು. 2001ರಲ್ಲಿ ಈ ಮೇಳ ಕಟ್ಟಿದರು. ಹುಡುಗರನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಅಲ್ಲೇ ಊಟ, ಅಲ್ಲೇ ಪಾಠ, ಅಲ್ಲೇ ಅಭ್ಯಾಸ. ನಮ್ಮ ಗುರುಕುಲ ಇದ್ದ ಹಾಗೆ! ಆ ಮಕ್ಕಳಿಗೆ ಅವರು ‘ಅಂಕಲ್ ನೀಲ್’. ಮೇಳ ನಡೆಸುವವರನ್ನು ಇಂಗ್ಲಿಷಿನಲ್ಲಿ ಏನಂತಾರೆ ಗೊತ್ತೆ? ಕಂಡಕ್ಟರ್! ನಾನೂ ಕಂಡಕ್ಟರ್, ಅವರೂ ಕಂಡಕ್ಟರ್. ನಾನು ‘ರೈಟ್ ರೈಟ್’ ಅಂದರೆ ಬಸ್ಸು ಹೊರಡುತ್ತದೆ, ಅವರು ಕಣ್ಣು ಹಾಯಿಸಿದರೆ ಇಪ್ಪತ್ತು ಗಂಟಲು ಹೊರಡುತ್ತಿದ್ದವು.

ಅದು ಶಿಲ್ಲಾಂಗಿನಲ್ಲೇ ಹುಟ್ಟಿದ್ದೂ ಸುಮ್ಮನೆ ಅಲ್ಲ. 1841ರಲ್ಲಿ ವೇಲ್ಸ್ ದೇಶದಿಂದ ಥಾಮಸ್ ಜೋನ್ಸ್ ಎಂಬ ಪಾದ್ರಿ ಖಾಸಿ ಗುಡ್ಡಗಳಿಗೆ ಬಂದ. ನಾಲ್ಕು ಪಾಲಿನಲ್ಲಿ ಹಾಡುವುದು ವೇಲ್ಸ್ ಜನರಿಗೆ ನೀರು ಕುಡಿದಷ್ಟು ಸಲೀಸು. ಆ ಚರ್ಚಿನ ಹಾಡು ಖಾಸಿಗಳ ಗಂಟಲಿಗೆ ಇಳಿದು ಊರಿನದೇ ಆಗಿಬಿಟ್ಟಿತು. ಅದೇ ಊರಿನಲ್ಲಿ ಲೂ ಮಾಜಾ ಎಂಬ ಗಿಟಾರ್ ಹುಲಿ 1972ರಿಂದ ಬಾಬ್ ಡಿಲನ್ ಹುಟ್ಟುಹಬ್ಬಕ್ಕೆ ಕಛೇರಿ ಮಾಡುತ್ತ ಬಂದವರು. ಒಂದು ಕಡೆ ಚರ್ಚು, ಒಂದು ಕಡೆ ರಾಕು. ನಡುವೆ ಬೆಳೆದ ಮಕ್ಕಳು ಇವರು.

ಅದಕ್ಕೇ ಇವರಿಗೆ ಮಡಿ ಮೈಲಿಗೆ ಇಲ್ಲ. ಬಾಖ್, ಹ್ಯಾಂಡೆಲ್ ಹಾಡಿದ ಬಾಯಲ್ಲೇ ಕ್ವೀನ್ ತಂಡದ, ಅಬ್ಬಾ ತಂಡದ ಪಾಪ್ ಹಾಡು. ಖಾಸಿ ಜನರ ಹಳೇ ಕಥೆಯ ಮೇಲೆ ಖಾಸಿ ಭಾಷೆಯಲ್ಲೇ ನೀಲ್ ಒಂದು ಒಪೆರಾ ಬರೆದರು. ಆಗಿನ ಕಾಲದ ಹೊಸ ಸಂಗೀತ ಅದು, ಸತ್ತವರದಲ್ಲ. 2010ರ ಜುಲೈನಲ್ಲಿ ಚೀನಾದ ಶಾವೋಷಿಂಗ್‌ನಲ್ಲಿ ವಿಶ್ವ ಮೇಳಗಳ ಸ್ಪರ್ಧೆ ನಡೆಯಿತು. ಧಾರ್ಮಿಕ ಸಂಗೀತ, ಗಾಸ್ಪೆಲ್, ಜನಪ್ರಿಯ ಸಂಗೀತ ಮೂರರಲ್ಲೂ ಚಿನ್ನ! ಅದೇ ನವೆಂಬರಿನಲ್ಲಿ ಅಮೆರಿಕದ ಒಬಾಮಾ ಬಂದಾಗ ರಾಷ್ಟ್ರಪತಿ ಭವನದಲ್ಲಿ ಇವರ ಹಾಡು.

ನಮ್ಮ ಸಿನಿಮಾ ಮಂದಿ ಇವರನ್ನು ಬಿಡುತ್ತಾರೆಯೇ? 1988ರಲ್ಲಿ ದೂರದರ್ಶನದಲ್ಲಿ ‘ಮಿಲೇ ಸುರ್ ಮೇರಾ ತುಮ್ಹಾರಾ’ ಬರುತ್ತಿತ್ತಲ್ಲ, ನಡುವೆ ನಮ್ಮ ಕನ್ನಡದ ಸಾಲು ಬಂದಾಗ ಓಣಿಯ ಹುಡುಗರೆಲ್ಲ ಕುಣಿಯುತ್ತಿದ್ದೆವಲ್ಲ, ಅದರ ಹೊಸ ರೂಪ 2010ರ ಜನವರಿಯಲ್ಲಿ ಬಂತು. ರೆಹಮಾನ್, ಜೇಸುದಾಸ್, ಶಂಕರ್ ಮಹದೇವನ್ ಮುಂತಾದ ಘಟಾನುಘಟಿಗಳ ನಡುವೆ ಈ ಗುಡ್ಡದ ಮಕ್ಕಳೂ ನಿಂತು ದನಿ ಸೇರಿಸಿದರು.

ಒಂದು ಹಾಡಿನ ಮಾತು ಹೇಳಲೇಬೇಕು. 1960ರ ‘ದಿಲ್ ಅಪ್ನಾ ಔರ್ ಪ್ರೀತ್ ಪರಾಯಿ’ ಚಿತ್ರದ ‘ಅಜೀಬ್ ದಾಸ್ತಾಂ ಹೈ ಯೇ’. ಶಂಕರ್-ಜೈಕಿಷನ್ ಸಂಗೀತ, ಲತಾ ದನಿ. ಅದನ್ನು ಇವರೂ ಹಾಡಿದ್ದಾರೆ. ಮಗ ಫೋನಿನಲ್ಲಿ ಎರಡನ್ನೂ ಒಂದರ ಹಿಂದೆ ಒಂದು ಹಾಕಿದ. ಲತಾ ಹಾಡಿನಲ್ಲಿ ಒಬ್ಬ ಹೆಣ್ಣಿನ ನೋವು ಕೇಳಿಸುತ್ತದೆ. ಇವರದರಲ್ಲಿ ಆ ನೋವನ್ನು ಸುತ್ತ ನಿಂತವರು ಹಂಚಿಕೊಂಡ ಹಾಗೆ ಕೇಳಿಸುತ್ತದೆ. ಯಾವುದು ಹೆಚ್ಚು ಅಂತ ನಾನು ಹೇಳಲಾರೆ. ಲತಾ ಲತಾನೇ. ಆದರೆ ಎರಡನೆಯದನ್ನು ಕೇಳಿದ ಮೇಲೆ ಹಿಂದೆ ನಿಂತವರನ್ನು ‘ಹಿಂದಿನವರು’ ಅನ್ನಲು ನಾಲಿಗೆ ಏಳಲಿಲ್ಲ.

ನಮ್ಮಲ್ಲೂ ಇದ್ದರು

ಇದೆಲ್ಲ ಗುಡ್ಡದ ಮೇಲಿನ ಸಂಗತಿ, ನಮಗೂ ಅದಕ್ಕೂ ಏನು ಅಂತೀರಾ? ತಪ್ಪು. ನಮ್ಮ ಸಿನಿಮಾದವರೂ ಇದನ್ನು ಕೈಗೆತ್ತಿಕೊಂಡಿದ್ದರು. ‘ಮಧುಮತಿ’ಯ ಸಲಿಲ್ ಚೌಧುರಿ 1950ರ ದಶಕದಲ್ಲೇ ಬೊಂಬಾಯಿಯಲ್ಲಿ ‘ಬಾಂಬೆ ಯೂತ್ ಕ್ವಾಯರ್’ ಕಟ್ಟಿದ್ದರು. ಮೊಜಾರ್ಟ್ ಅಂದರೆ ಪ್ರಾಣ ಅವರಿಗೆ. 1961ರ ‘ಛಾಯಾ’ ಚಿತ್ರದ ಒಂದು ಹಾಡಿಗೆ ಮೊಜಾರ್ಟನ ನಲವತ್ತನೇ ಸಿಂಫನಿಯನ್ನೇ ತಂದು ಕೂರಿಸಿದ ಭೂಪ. ಅದೇ ಸಲಿಲ್‌ದಾ ನಮ್ಮ ಕನ್ನಡಕ್ಕೂ ಬಂದರು. 1977ರ ‘ಕೋಕಿಲ’ ನೆನಪಿದೆಯಾ? ಬಾಲು ಮಹೇಂದ್ರರ ಚಿತ್ರ, ಕಮಲಹಾಸನ್, ಶೋಭಾ. ಅದರ ಸಂಗೀತ ಅವರದೇ. ಮದ್ರಾಸಿನಲ್ಲಿ ಎಂ.ಬಿ. ಶ್ರೀನಿವಾಸನ್, ಮಲಯಾಳಂ ಚಿತ್ರಗಳ ದೊಡ್ಡ ಸಂಗೀತ ನಿರ್ದೇಶಕರು, ‘ಮದ್ರಾಸ್ ಯೂತ್ ಕ್ವಾಯರ್’ ಕಟ್ಟಿ ಭಾರತದ ನಾನಾ ಭಾಷೆಗಳ ಹಾಡನ್ನು ನಾಲ್ಕು ಪಾಲಿನಲ್ಲಿ ಹಾಡಿಸಿದರು. 1988ರಲ್ಲಿ ತೀರಿಕೊಳ್ಳುವ ತನಕ ಅದನ್ನು ಕೈಬಿಡಲಿಲ್ಲ.

ಅಂದರೆ ನಾನು 1985ರಲ್ಲಿ ಗೋಡೆಗೆ ಬೆನ್ನು ಹಚ್ಚಿ ಅವಮಾನ ಅಂತ ಹಲ್ಲು ಕಡೀತಿದ್ದೆನಲ್ಲ, ಅದೇ ಊರಿನಲ್ಲಿ ಅದೇ ಹೊತ್ತಿಗೆ ಗುಂಪಿನಲ್ಲಿ ಹಾಡುವುದನ್ನೇ ಮಹಾ ವಿದ್ಯೆ ಅಂತ ಹೇಳಿಕೊಡುವವರಿದ್ದರು! ನನಗೆ ಕಣ್ಣಿರಲಿಲ್ಲ. ಕಿವಿಯಂತೂ ಮೊದಲೇ ಇರಲಿಲ್ಲ.

ಇಷ್ಟೆಲ್ಲ ಗೊತ್ತಾದ ಮೇಲೂ ಅವನಿಗೆ ಫೋನ್ ಮಾಡಿದೆನಾ? ಇಲ್ಲ! ನಂಬರು ಸಿಕ್ಕಿತ್ತು. ಡೈರಿಯಲ್ಲಿ ಬರೆದೂ ಇಟ್ಟಿದ್ದೆ. ಅವನ ಸುದ್ದಿ ಅಲ್ಲಿ ಇಲ್ಲಿ ಕಿವಿಗೆ ಬೀಳುತ್ತಿತ್ತು. ಕೀಬೋರ್ಡ್ ಬಂದ ಮೇಲೆ, ಒಬ್ಬನೇ ಹತ್ತು ಸಲ ಹಾಡಿ ಹತ್ತು ಜನರ ಕೋರಸ್ ಮಾಡುವ ಟ್ರ್ಯಾಕ್ ಪದ್ಧತಿ ಬಂದ ಮೇಲೆ, ಕೋರಸ್‌ನವರಿಗೆ ಕೆಲಸ ಕಡಿಮೆಯಾಯಿತಂತೆ. ಅವನು ಊರಿಗೆ ವಾಪಸ್ ಬಂದು ಮಕ್ಕಳಿಗೆ ಹಾರ್ಮೋನಿಯಂ ಹೇಳಿಕೊಡುತ್ತಿದ್ದನಂತೆ. ಒಂದೇ ಊರು! ಎರಡು ಮೈಲಿ ಅಂತರ. ಆದರೂ ನಾನು ಹೋಗಲಿಲ್ಲ. ‘ಅವನೇ ಬರಲಿ’ ಎಂಬ ಒಣ ಜಂಬ. 2020ರ ಸೆಪ್ಟೆಂಬರ್ 25ರಂದು ಎಸ್ಪಿಬಿ ಹೋದರು. ಆ ರಾತ್ರಿ ಡೈರಿ ತೆಗೆದೆ, ನಂಬರು ನೋಡಿದೆ, ಮುಚ್ಚಿಟ್ಟೆ.

2022ರ ಜನವರಿ 5. ಬೊಂಬಾಯಿಯಲ್ಲಿ ನೀಲ್ ನೋಂಗ್‌ಕಿನ್‌ರಿ ತೀರಿಕೊಂಡರು ಅಂತ ಸುದ್ದಿ. 2015ರಲ್ಲಿ ಪದ್ಮಶ್ರೀ ಬಂದಿದ್ದವರು. ವಯಸ್ಸು ಐವತ್ತೊಂದು, ನನಗಿಂತ ಆರು ವರ್ಷ ಚಿಕ್ಕವರು! ಟ್ರಿಪ್ ಮುಗಿಸಿ ಡಿಪೋದಲ್ಲಿ ಲೆಕ್ಕ ಒಪ್ಪಿಸಿದವನು ಮನೆಗೆ ಹೋಗಲಿಲ್ಲ. ಇಪ್ಪತ್ತು ಮಕ್ಕಳನ್ನು ಒಂದು ಉಸಿರಿಗೆ ತಂದ ಮನುಷ್ಯನ ಉಸಿರೇ ನಿಂತು ಹೋಯಿತು. ನಾವಿಬ್ಬರು ಒಂದು ಸೈಕಲ್ಲಿನ ಗೆಳೆಯರು, ಇನ್ನೂ ಎಷ್ಟು ದಿನ ಅಂತ ಕಾಯೋದು? ಬಸ್ ಸ್ಟ್ಯಾಂಡಿನಲ್ಲೇ ನಿಂತು ಡಯಲ್ ಮಾಡಿದೆ.

“ಯಾರು?” ಅದೇ ಬಾವಿಯೊಳಗಿನ ದನಿ.

“ನಾನು ಕಣಲೇ.”

ಆ ಕಡೆ ಸದ್ದಿಲ್ಲ. ಆಮೇಲೆ, “ಬಾ. ಚಾ ಇಡಿಸ್ತೀನಿ.”

ಯಾರೂ ಹಾಡದ ಸ್ವರ

ಚಾ ಕುಡಿದೆವು. ತಲೆ ಇಬ್ಬರದೂ ಬೆಳ್ಳಗಾಗಿತ್ತು. ಮೂವತ್ತೇಳು ವರ್ಷದಿಂದ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿಯೇಬಿಟ್ಟೆ: “ಅವತ್ತು ನೀನು ಯಾಕಲೇ ಎದ್ದು ಬರಲಿಲ್ಲ?”

ಅವನು ಲೋಟ ಕೆಳಗಿಟ್ಟ. “ಎದ್ದು ಬರಬೇಕಿತ್ತೇನೋ. ಆದರೆ ಅವತ್ತು ನಾನು ಹಾಡಿದ್ದು ಮೊದಲನೇ ಸಲ ಬೇರೆಯವರ ದನಿಯೊಳಗೆ ಸೇರಿಕೊಂಡು ಹೋಯಿತು. ಎಲ್ಲಿ ನಾನು ಮುಗಿದೆ, ಎಲ್ಲಿ ಪಕ್ಕದವ ಶುರುವಾದ, ತಿಳೀಲಿಲ್ಲ. ಅದನ್ನ ಬಿಟ್ಟು ಏಳೋಕೆ ಆಗ್ಲಿಲ್ಲ ಕಣೋ. ತಪ್ಪಾಗಿದ್ರೆ ತಪ್ಪೇ.” ಸ್ವಲ್ಪ ಹೊತ್ತು ಬಿಟ್ಟು ಹೇಳಿದ: “ನಿನ್ನ ದನಿ ಕೆಟ್ಟದಿರಲಿಲ್ಲ. ನಮ್ಮೆಲ್ಲರಿಗಿಂತ ಚೆನ್ನಾಗಿತ್ತು. ಆದ್ರೆ ನೀನು ಪಕ್ಕದವನನ್ನ ಕೇಳ್ತಿರಲಿಲ್ಲ.”

ಇಷ್ಟೇ ಮಾತು. ಇದನ್ನು ಅವನು ಗೇಟಿನ ಹತ್ತಿರವೇ ಹೇಳಲು ಬಂದಿದ್ದನಂತೆ!

ಶಿಲ್ಲಾಂಗ್ ತಂಡದ ಹಾಡನ್ನು ಅವನಿಗೆ ಫೋನಿನಲ್ಲಿ ಹಾಕಿದೆ. ಕಣ್ಣು ಮುಚ್ಚಿ ಕೇಳಿದ. ಉದ್ದನೆಯ ಒಂದು ಸ್ವರ ಬಂದಾಗ ಬೆರಳೆತ್ತಿದ. “ಕೇಳು. ಇಷ್ಟುದ್ದ ಯಾರಿಗೂ ಉಸಿರು ನಿಲ್ಲಲ್ಲ. ಒಬ್ಬ ಉಸಿರು ತಗೊಳ್ಳುವಾಗ ಪಕ್ಕದವ ಹಿಡಿದಿರ್ತಾನೆ. ಪಕ್ಕದವ ತಗೊಳ್ಳುವಾಗ ಇವನು. ಒಟ್ಟಿಗೆ ಎಲ್ಲರೂ ತಗೊಂಡ್ರೆ ಹಾಡು ತೂತು ಬೀಳುತ್ತೆ. ಇನ್ನೊಂದು ಕೇಳು. ತಂಬೂರಿ ಚೆನ್ನಾಗಿ ಶ್ರುತಿ ಆದಾಗ ಯಾರೂ ಮೀಟದ ಗಾಂಧಾರ ಕೇಳಿಸುತ್ತಲ್ಲ? ಮೇಳದಲ್ಲೂ ಹಾಗೇ. ಎಲ್ಲರ ಸ್ವರ ಸರಿಯಾಗಿ ಕೂತಾಗ ಮೇಲೆ ಯಾರೂ ಹಾಡದ ಸ್ವರ ಒಂದು ಕೇಳಿಸುತ್ತೆ. ಅದಕ್ಕೋಸ್ಕರವೇ ನಾನು ಅಷ್ಟು ವರ್ಷ ಅಲ್ಲಿ ನಿಂತಿದ್ದು. ದುಡ್ಡಿಗಲ್ಲ. ಹೆಸರಂತೂ ಇರಲೇ ಇಲ್ಲ.”

ಡಿಪೋ ಕ್ವಾಯರ್!

ಆ ವರ್ಷದ ನವೆಂಬರ್. ಡಿಪೋದಲ್ಲಿ ರಾಜ್ಯೋತ್ಸವ. ಮ್ಯಾನೇಜರ್ ಸಾಹೇಬರ ಹತ್ತಿರ ಹೋಗಿ “ನಾವೊಂದು ಹಾಡು ಹಾಡ್ತೀವಿ ಸಾರ್” ಅಂದೆ. ಅವನನ್ನು ಕರೆದುಕೊಂಡು ಬಂದೆ. ಹನ್ನೊಂದು ಜನ ಸೇರಿದೆವು. ಕಂಡಕ್ಟರುಗಳು ‘ರೈಟ್ ರೈಟ್’ ಕೂಗಿ ಕೂಗಿ ದನಿ ಮೇಲೇರಿದವರು, ಅವರು ಟೆನರ್. ಡ್ರೈವರುಗಳು ದಿನವೆಲ್ಲ ಬಾಯಿ ಮುಚ್ಚಿ ಕೂರುವವರು, ಅವರು ಬಾಸ್. ಆಯಿತಲ್ಲ ಕ್ವಾಯರ್!

ಆಯಿತು ಅಂದರೆ ಆಗುತ್ತದೆಯೇ? ಮೊದಲ ಎರಡು ವಾರ ಸಂತೆ ಗದ್ದಲ. ಒಂದು ಹಳೇ ಭಾವಗೀತೆ, ಅದಕ್ಕೆ ಅವನು ಎರಡೇ ಪಾಲು ಕಟ್ಟಿದ್ದ. ಡ್ರೈವರುಗಳು ನಮ್ಮ ಸಾಲಿಗೆ ಜಾರುತ್ತಿದ್ದರು, ನಾವು ಅವರ ಸಾಲಿಗೆ ಗುದ್ದುತ್ತಿದ್ದೆವು. ಪಕ್ಕಾ ಆ್ಯಕ್ಸಿಡೆಂಟ್ ಕೇಸು! ಒಂದು ದಿನ ಅವನು ಕೈ ಎತ್ತಿ ನಿಲ್ಲಿಸಿದ. “ಯಾವುದೋ ಒಂದು ದನಿ ಹೊರಗೆ ಬರ್ತಿದೆ.”

ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಮುಖ ಬಿಸಿಯಾಯಿತು. ಮದ್ರಾಸಿನ ಗೋಡೆ ಬೆನ್ನಿಗೆ ತಾಗಿದ ಹಾಗಾಯಿತು. ಅವನು ಹಿಂದೆ ಹೋಗು ಅನ್ನಲಿಲ್ಲ. ಹತ್ತಿರ ಬಂದು ನನ್ನ ಭುಜ ಹಿಡಿದು ಎಡಕ್ಕೆ ಸರಿಸಿದ, ಪಕ್ಕದ ಹುಡುಗನ ಮೈಗೆ ಮೈ ತಾಗುವಷ್ಟು. “ಇವನು ಏನು ಹಾಡ್ತಾನೆ ಅಂತ ಕೇಳ್ತಾ ಹಾಡು. ನಿನ್ನ ದನಿ ನಿನಗೆ ಜೋರಾಗಿ ಕೇಳಿಸಿದ್ರೆ ನೀನು ತಪ್ಪು.”

ಕೇಳಿದೆ. ಆ ಹುಡುಗ ಡ್ಯೂಟಿಗೆ ಸೇರಿ ಎರಡು ವರ್ಷವಾಗಿತ್ತು. ಅಷ್ಟು ದಿನ ಅವನ ದನಿ ಹೇಗಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಮೆತ್ತಗಿನ, ಸ್ವಲ್ಪ ಅಂಜಿದ ದನಿ. ಅದಕ್ಕೆ ನನ್ನದನ್ನು ಒರಗಿಸಿದೆ. ಕೆಳಗೆ ಡ್ರೈವರುಗಳು ಹಿಡಿದಿದ್ದರು. ಕೊನೆಯ ಸಾಲಿನ ಕೊನೆಯ ಅಕ್ಷರದಲ್ಲಿ ಏನೋ ಕೂತಿತು. ಮೇಲೆ, ನಮ್ಮ ತಲೆಗಳಿಗಿಂತ ಸ್ವಲ್ಪ ಮೇಲೆ, ಸಣ್ಣಗೆ ಗಂಟೆಯ ನಾದದ ಹಾಗೆ... ಒಂದೇ ಕ್ಷಣ. ಹನ್ನೊಂದು ಜನವೂ ಮುಖ ಮುಖ ನೋಡಿಕೊಂಡೆವು. ಯಾರೂ ಅದನ್ನು ಹಾಡಿರಲಿಲ್ಲ!

ಶಿಲ್ಲಾಂಗಿನವರ ಕಾಲಿನ ಧೂಳಿಗೂ ನಾವು ಸಮವಲ್ಲ ಬಿಡಿ. ರಾಜ್ಯೋತ್ಸವದ ದಿನ ಎರಡು ಕಡೆ ತಾಳ ತಪ್ಪ್ತು, ಒಬ್ಬ ಡ್ರೈವರಣ್ಣ ಚರಣ ಮರೆತ. ಆದರೆ ಅವನು ಮರೆತಾಗ ಪಕ್ಕದವ ಹಿಡಿದಿದ್ದ. ಕೆಳಗೆ ಕೂತವರಿಗೆ ಗೊತ್ತೇ ಆಗಲಿಲ್ಲ.

ತಮ್ಮಂದಿರೇ, ನಿಮ್ಮಲ್ಲೂ ಅನೇಕರು ಈ ಪತ್ರಿಕೆ ಹಿಡಿದು, ಬಸ್ಸಿಗೆ ಕಾಯುತ್ತ, ನಾಳೆ ಹೀರೋ ಆಗುವ ಕನಸು ಕಾಣ್ತಿರಬಹುದು. ಕಾಣಿ, ಬೇಡ ಅನ್ನಲ್ಲ. ಆದರೆ ಯಾರಾದರೂ “ಒಂದು ಹೆಜ್ಜೆ ಹಿಂದೆ” ಅಂದರೆ ನನ್ನ ಹಾಗೆ ರೈಲು ಹತ್ತಬೇಡಿ. ಹಿಂದೆ ಯಾರು ನಿಂತಿದ್ದಾರೆ, ಅವರು ಏನು ಹಾಡ್ತಿದ್ದಾರೆ ಅಂತ ಒಂದು ಸಲ ಕಿವಿಗೊಡಿ.

ಅಂದಹಾಗೆ, ಅವತ್ತು ವೇದಿಕೆ ಹತ್ತುವ ಮೊದಲು ಮೈಕಿನ ಹುಡುಗ ಚೀಟಿ ಹಿಡಿದು ಓಡಿ ಬಂದ. “ಅಣ್ಣಾ, ಅನೌನ್ಸ್ ಮಾಡ್ಬೇಕು. ಹಾಡುವವರು ಯಾರು ಅಂತ ಬರೀಲಿ? ನಿಮ್ಮ ಹೆಸರು ಮತ್ತು ಸಂಗಡಿಗರು ಅಂತ ಹಾಕ್ಲಾ?”

ನಾನು ಅವನ ಮುಖ ನೋಡಿದೆ. ಅವನು ನನ್ನ ಮುಖ ನೋಡಿ ನಕ್ಕ. ಅದೇ ಹಳೇ ನಗು, ಸೈಕಲ್ಲಿನ ಕಾಲದ್ದು.

“ಮೊದಲಿಂದು ಹೊಡೆದು ಹಾಕು ತಮ್ಮಾ” ಅಂದೆ. “ಬರೀ ‘ಸಂಗಡಿಗರು’ ಅಂತ ಹೇಳು, ಸಾಕು.”